ಸ್ಟಿಫ್ ನೀ ಗೇಟ್: ಮಂಡಿ ಮಡಚದಿದ್ದರೆ ಸೊಂಟ ಯಾಕೆ ದುಡಿಯಬೇಕು?

ನಡೆಯುವಾಗ ಮುಂದಕ್ಕೆ ಬರುವ ಕಾಲಿನ ಮಂಡಿ ಸಾಕಷ್ಟು ಮಡಚದಿದ್ದರೆ ಆ ನಡಿಗೆಯನ್ನು ಫಿಸಿಯೋಥೆರಪಿಸ್ಟ್‌ಗಳು ‘ಸ್ಟಿಫ್ ನೀ ಗೇಟ್’ ಎನ್ನುತ್ತಾರೆ. ಕಾಲು ಮುರಿದು ಬಹಳ ದಿನ ಪ್ಲಾಸ್ಟರ್‌ನಲ್ಲಿ ಇದ್ದವರು, ಮಂಡಿ ಆಪರೇಷನ್ ಆದವರು, ಸಂಧಿವಾತ ಇರುವವರು, ಲಕ್ವ ಹೊಡೆದವರು ಹೀಗೆ ನಡೆಯುವುದನ್ನು ನೀವೂ ನೋಡಿರುತ್ತೀರಿ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ, ಒಳಗಿನ ಕಾರಣ ಬೇರೆ. ಪ್ಲಾಸ್ಟರ್ ಬಿಚ್ಚಿಸಿಕೊಂಡವರಲ್ಲಿ ಕೀಲೇ ಬಿಗಿದಿರುತ್ತದೆ. ಲಕ್ವದಲ್ಲಿ ಕೀಲು ಚೆನ್ನಾಗಿಯೇ ಇರಬಹುದು. ಆದರೆ ತೊಡೆಯ ಮುಂಭಾಗದ ರೆಕ್ಟಸ್ ಫೀಮೊರಿಸ್ ಸ್ನಾಯು ಸಡಿಲಬೇಕಾದ ಹೊತ್ತಿನಲ್ಲಿ ಸಡಿಲದೆ ಕಾಲನ್ನು ನೇರಕ್ಕೆ ಹಿಡಿದುಬಿಡುತ್ತದೆ.

ಎಷ್ಟು ಮಡಚಿದರೆ ಸಾಕು? ನೇರ ಕಾಲನ್ನು 0 ಡಿಗ್ರಿ ಎಂದು ಇಟ್ಟುಕೊಂಡರೆ, ಸಮತಟ್ಟು ನೆಲದ ಮೇಲೆ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಚಬೇಕು. ಮೆಟ್ಟಿಲು ಹತ್ತಲು 90ರ ಆಸುಪಾಸು. ಕುಕ್ಕರಗಾಲಲ್ಲಿ ಕೂರಲು ಇನ್ನೂ ಜಾಸ್ತಿ ಬೇಕು. ನಮ್ಮಲ್ಲಿ ಜನ ಡಾಕ್ಟರ ಹತ್ತಿರ ಹೇಳುವುದು ಈ ಕೊನೆಯದನ್ನೇ: “ನೆಲದ ಮೇಲೆ ಕೂರೋಕೆ ಆಗಲ್ಲ.” ನಡಿಗೆ ಕೆಟ್ಟಿರುವುದು ಅವರ ಗಮನಕ್ಕೇ ಬಂದಿರುವುದಿಲ್ಲ. ಮೈ ಅದನ್ನು ಅಷ್ಟು ಚೆನ್ನಾಗಿ ಸಂಭಾಳಿಸಿರುತ್ತದೆ.

ಪಾದ ಗಾಳಿಯಲ್ಲಿರುವಾಗ ಮಂಡಿಯನ್ನು ಮಡಚುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಅನ್ನಿಸುತ್ತದೆ, ಅಲ್ವಾ? ಬಹುಪಾಲು ಹಾಗಲ್ಲ. ಮೀನಖಂಡ ಪಾದವನ್ನು ನೆಲದಿಂದ ತಳ್ಳುತ್ತದೆ, ಸೊಂಟದ ಮುಂಭಾಗದ ಸ್ನಾಯುಗಳು ತೊಡೆಯನ್ನು ಮುಂದಕ್ಕೆ ಎಳೆಯುತ್ತವೆ. ಮಂಡಿಯಿಂದ ಕೆಳಗಿನ ಭಾಗ ಹಿಂದೆ ಉಳಿಯುತ್ತದೆ, ಮಂಡಿ ತಾನಾಗಿಯೇ ಮಡಚಿಕೊಳ್ಳುತ್ತದೆ. ಹೆಚ್ಚುಕಡಿಮೆ ಪುಕ್ಕಟೆ ಸಿಗುವ ಚಲನೆ ಇದು. ಬೀಳುವ ಭಯದಿಂದ ನಿಧಾನ ನಡೆದರೆ ತಳ್ಳು ಕಡಿಮೆಯಾಗುತ್ತದೆ, ಮಂಡಿ ಇನ್ನೂ ಕಡಿಮೆ ಮಡಚುತ್ತದೆ.

ಮಡಚಿದ ಕಾಲಿನಿಂದ ಎರಡು ಲಾಭ. ಒಂದು, ಕಾಲು ಗಿಡ್ಡವಾಗುತ್ತದೆ. ನಡೆಯುವಾಗ ಬೆರಳ ತುದಿ ನೆಲದಿಂದ ಬರೀ ಒಂದೆರಡು ಸೆಂಟಿಮೀಟರ್ ಮೇಲೆ ಹಾದುಹೋಗುತ್ತದೆ, ಅದೂ ಮಂಡಿ ಮಡಚಿದ್ದಾಗ. ಇನ್ನೊಂದು, ಬೀಸುವುದು ಹಗುರವಾಗುತ್ತದೆ. ಕ್ರಿಕೆಟ್ ಬ್ಯಾಟನ್ನು ಹಿಡಿಯ ತುದಿಯಲ್ಲಿ ಹಿಡಿದು ಬೀಸಿ, ಆಮೇಲೆ ನಡುವಿನಲ್ಲಿ ಹಿಡಿದು ಬೀಸಿ ನೋಡಿ. ತೂಕ ಅದೇ, ಶ್ರಮ ಬೇರೆ.

ಈ ಲಾಭ ತಪ್ಪಿದಾಗ ಅದರ ಬೆಲೆಯನ್ನು ಮೈಯ ಬೇರೆ ಭಾಗಗಳು ತೆರುತ್ತವೆ. ಕೆಲವರು ಕಾಲನ್ನು ಹೊರಗಿನಿಂದ ಅರ್ಧ ವೃತ್ತದ ಹಾಗೆ ಬಳಸಿ ಮುಂದೆ ತರುತ್ತಾರೆ. ಇದು ಸರ್ಕಮ್‌ಡಕ್ಷನ್. ಕಾಲನ್ನು ಪಕ್ಕಕ್ಕೆ ಎತ್ತುವ ಸೊಂಟದ ಸ್ನಾಯುಗಳಿಗೆ ಹೆಜ್ಜೆ ಹೆಜ್ಜೆಗೂ ಕೆಲಸ. ಇನ್ನು ಕೆಲವರು ಆ ಕಡೆಯ ಸೊಂಟವನ್ನೇ ಮೇಲಕ್ಕೆತ್ತುತ್ತಾರೆ, ಅಂದರೆ ಹಿಪ್ ಹೈಕಿಂಗ್. ಇಲ್ಲಿ ದುಡಿಯುವುದು ಬೆನ್ನಿನ ಕೆಳಭಾಗದ ಪಕ್ಕದ ಸ್ನಾಯು, ಜೊತೆಗೆ ಎದುರು ಕಡೆಯ ಪೃಷ್ಠದ ಸ್ನಾಯು. ಮೂರನೆಯದು ವಾಲ್ಟಿಂಗ್: ಸರಿಯಿರುವ ಕಾಲಿನ ತುದಿಗಾಲಿನ ಮೇಲೆ ಏರಿ, ಬಿಗಿದ ಕಾಲನ್ನು ದಾಟಿಸುವುದು. ಬಿಗಿತ ಬಲ ಮಂಡಿಯಲ್ಲಿ, ನೋವು ಎಡ ಮೀನಖಂಡದಲ್ಲಿ! ಬಹುತೇಕರು ಈ ಮೂರನ್ನೂ ಸ್ವಲ್ಪ ಸ್ವಲ್ಪ ಬೆರೆಸಿ ನಡೆಯುತ್ತಾರೆ. ಹಾಗಾಗಿ ಮಂಡಿ ಬಿಗಿದವರು ಸೊಂಟನೋವು ಅಂದಾಗ ಬರೀ ಸೊಂಟಕ್ಕೆ ಎಣ್ಣೆ ಹಚ್ಚಿ ಕೂತರೆ ಕಾರಣ ಅಲ್ಲೇ ಉಳಿಯುತ್ತದೆ.

ಮಡಚದ ಮಂಡಿಗಿಂತ ಪೂರ್ತಿ ನೇರವಾಗದ ಮಂಡಿಯೇ ಹೆಚ್ಚು ಕಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಲು ನೇರವಿದ್ದರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಹೆಚ್ಚು ಶ್ರಮಪಡದೆ ನಿಲ್ಲಬಹುದು. ಸ್ವಲ್ಪ ಮಡಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಬಸ್‌ಸ್ಟಾಪಿನಲ್ಲಿ ಸುಮ್ನೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಹೀಗಿದ್ದೂ ಮನೆಯಲ್ಲಿ ವ್ಯಾಯಾಮ ಮಾಡುವವರು ಮಡಚುವುದರ ಹಿಂದೆಯೇ ಬೀಳುತ್ತಾರೆ.

ಪಾದದ ಕೀಲಿನ ಕಥೆಯೂ ಇಂಥದ್ದೇ. ನಿಂತ ಪಾದದ ಮೇಲೆ ಮೈ ಮುಂದೆ ಸಾಗಲು ಆ ಕೀಲು ಸುಮಾರು 10 ಡಿಗ್ರಿ ಬಾಗಬೇಕು. ಬಾಗದಿದ್ದರೆ ಹಿಮ್ಮಡಿ ಬೇಗ ಏಳುತ್ತದೆ, ಇಲ್ಲವೇ ಮಂಡಿ ಹಿಂದಕ್ಕೆ ತಳ್ಳಲ್ಪಡುತ್ತದೆ, ಇಲ್ಲವೇ ಪಾದ ಹೊರಕ್ಕೆ ತಿರುಗುತ್ತದೆ. ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಫುಟ್ ಎಂಬ ಕೃತಕ ಪಾದ ನಮ್ಮ ಜನಕ್ಕೆ ಒಗ್ಗಿದ್ದಕ್ಕೆ ಇದೂ ಒಂದು ಕಾರಣ. ಅದು ಬಾಗುತ್ತಿತ್ತು, ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಬಹುದಿತ್ತು, ಉಬ್ಬುತಗ್ಗಿನ ಹೊಲದಲ್ಲಿ ನಡೆಯಬಹುದಿತ್ತು.

ಕೀಲು ಬಿಗಿದಿದ್ದರೆ ವ್ಯಾಯಾಮ, ಸ್ನಾಯು ಬಿಗಿದಿದ್ದರೆ ಕೆಲವೊಮ್ಮೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್. ಯಾವುದು ಎಂದು ಪರೀಕ್ಷೆ ಮಾಡಿಯೇ ಹೇಳಬೇಕು. ಮಂಡಿ ಮುಂದೆಂದೂ ಮಡಚುವುದಿಲ್ಲ ಎಂದಾದರೆ ಒಂದು ಸರಳ ಉಪಾಯವಿದೆ: ಚಪ್ಪಲಿಯ ಅಟ್ಟೆಯನ್ನು ಸುಮಾರು 1 ಸೆಂಟಿಮೀಟರ್ ಎತ್ತರಿಸುವುದು. ಎತ್ತರಿಸಬೇಕಾದದ್ದು ಬಿಗಿದ ಕಾಲಿನದನ್ನಲ್ಲ, ಸರಿಯಿರುವ ಕಾಲಿನದನ್ನು. ಆಗ ಬಿಗಿದ ಕಾಲಿಗೆ ನೆಲ ತಾಗದೆ ದಾಟಿಹೋಗಲು ಜಾಗ ಸಿಗುತ್ತದೆ.