ಕಳಿಸಿದ ಕಾಗದ ಕಳಿಸಿದವರ ಹತ್ತಿರವೇ ಹೇಗೆ ಉಳಿಯಿತು?

ಪ್ರಶ್ನೆ: ರೈಟ್ ಸಹೋದರರು ವಿಮಾನ ಹಾರಿಸುವ ಮೊದಲು ಬರೆದ ಕಾಗದಗಳು, ಅವಕ್ಕೆ ಬಂದ ಉತ್ತರಗಳು, ಎರಡೂ ಒಂದೇ ಕಡೆ ಓದಲು ಸಿಗುತ್ತವೆ ಅಂತಾರೆ. ಪೋಸ್ಟ್ ಮಾಡಿದ ಮೇಲೆ ಕಾಗದ ಆಚೆಯವರದ್ದಲ್ವಾ? ಎರಡೂ ಕಡೆಯದು ಹೇಗೆ ಉಳಿಯಿತು? ನಮ್ಮ ಮನೆಯಲ್ಲೂ ಒಂದು ತಂತಿ ತುಂಬಾ ಹಳೇ ಕಾಗದ ಇವೆ. ಅವನ್ನೇನು ಮಾಡಲಿ? (ಸಾಗರದ ಓದುಗರೊಬ್ಬರು)

ಉತ್ತರ: ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಇಂಥ ಪ್ರಶ್ನೆ ಜಾಸ್ತಿಯಾಗಿವೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ನಮ್ಮ ಮನೆಯ ಕಥೆ ಕೇಳಿ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಜಗಲಿಯಲ್ಲೂ ಒಂದು ತಂತಿ ನೇತಾಡುತ್ತಿತ್ತು. ಮೇಲೆ ಕೊಕ್ಕೆ, ಕೆಳಗೆ ಒಂದು ಮರದ ಬಿಲ್ಲೆ. ಬಂದ ಕಾರ್ಡು, ಇನ್‌ಲ್ಯಾಂಡು ಎಲ್ಲವನ್ನೂ ಅಜ್ಜ ಓದಿ ಅದಕ್ಕೆ ಚುಚ್ಚಿಬಿಡುತ್ತಿದ್ದರು. ನೆಂಟರು ಬರೆದದ್ದೆಲ್ಲ ಅದರಲ್ಲಿದೆ. ಅಜ್ಜ ಬರೆದ ಒಂದು ಸಾಲೂ ಇಲ್ಲ. ಒಂದು ಕಾರ್ಡಿನಲ್ಲಿ ‘ತಾವು ಹೇಳಿದ ವಿಷಯಕ್ಕೆ ನಮ್ಮೆಲ್ಲರ ಒಪ್ಪಿಗೆ ಇದೆ’ ಅಂತಿದೆ. ಯಾವ ವಿಷಯ? ಈಗ ಹೇಳುವವರೇ ಇಲ್ಲ.

ರೈಟ್ ಸಹೋದರರ ಕಾಗದಗಳಿಗೆ ಈ ಗತಿ ಬರಲಿಲ್ಲ. ಅದಕ್ಕೆ ಒಬ್ಬ ಹಿರಿಯರು ಕಾರಣ, ಅವರ ಜೊತೆ ಒಂದು ಹಳೇ ಕಾಲದ ಕಬ್ಬಿಣದ ಪ್ರೆಸ್ಸೂ ಕಾರಣ.

ಹಿರಿಯರ ಹೆಸರು ಆಕ್ಟೇವ್ ಶನೂಟ್. ಶಿಕಾಗೋದಲ್ಲಿದ್ದ ರೈಲ್ವೆ ಎಂಜಿನಿಯರ್. ಸೇತುವೆ ಕಟ್ಟಿದವರು. ಹಳಿ ಕೆಳಗಿನ ಸ್ಲೀಪರ್ ಮರ ಲಡ್ಡಾಗದ ಹಾಗೆ ಅದಕ್ಕೆ ಔಷಧಿ ಕುಡಿಸುವ ಕೆಲಸವನ್ನೂ ಮಾಡಿದವರು. (ಗೆದ್ದಲಿನ ಸೀಮೆಯವನಾದ ನನಗೆ ಅವರ ಮೇಲೆ ಮೊದಲು ಗೌರವ ಬಂದದ್ದೇ ಇದಕ್ಕೆ.) ಹಾರುವ ಯಂತ್ರದ ಬಗ್ಗೆ ಎಲ್ಲಿ ಯಾರು ಏನು ಮಾಡಿದರೂ ಇವರಿಗೆ ಗೊತ್ತಾಗಬೇಕು. ಆಸ್ಟ್ರೇಲಿಯದಲ್ಲಿ ಪೆಟ್ಟಿಗೆ ಗಾಳಿಪಟ ಹಾರಿಸುತ್ತಿದ್ದ ಲಾರೆನ್ಸ್ ಹಾರ್ಗ್ರೇವ್ ಜೊತೆಗೂ ಪತ್ರವ್ಯವಹಾರ ಇತ್ತು.

1900ರ ಮೇ 13ರಂದು ಡೇಟನ್ ಊರಿನ ಸೈಕಲ್ ಅಂಗಡಿಯ ವಿಲ್ಬರ್ ರೈಟ್ ಇವರಿಗೆ ಮೊದಲ ಕಾಗದ ಬರೆದ. ಅವನಿಗೆ 33, ಶನೂಟರಿಗೆ 68. ಮನುಷ್ಯ ಹಾರಬಲ್ಲ ಅನ್ನುವ ನಂಬಿಕೆ ತನಗೆ ಕಾಯಿಲೆಯ ಹಾಗೆ ಅಂಟಿಕೊಂಡಿದೆ, ಇದರಿಂದ ದುಡ್ಡಂತೂ ಹೋಗುತ್ತದೆ, ಜೀವವೂ ಹೋಗಬಹುದು ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ಆಮೇಲೆ ತನ್ನ ಉಪಾಯ ವಿವರಿಸುತ್ತಾನೆ. ಸುಮಾರು 150 ಅಡಿ ಎತ್ತರದ ಗೋಪುರ ಕಟ್ಟಿ, ಮೇಲೊಂದು ರಾಟೆ ಹಾಕಿ, ಹಗ್ಗದಲ್ಲಿ ಯಂತ್ರವನ್ನು ತೂಗುಬಿಟ್ಟು ಅಭ್ಯಾಸ ಮಾಡುವುದಂತೆ! ಕೊನೆಗೆ ಅವರು ಕಲಿತದ್ದು ಆ ಗೋಪುರದಿಂದಲ್ಲ, ಕಡಲ ತೀರದ ಮರಳು ದಿಬ್ಬಗಳ ಗಾಳಿಯಲ್ಲಿ. ಪಾಠದ ಪುಸ್ತಕದಲ್ಲಿ ಗೆದ್ದ ಉಪಾಯ ಮಾತ್ರ ಇರುತ್ತದೆ. ಬಿಟ್ಟ ಉಪಾಯ ನೋಡಬೇಕಾದರೆ ಕಾಗದವನ್ನೇ ತೆಗೆಯಬೇಕು.

ಇನ್ನು ಕಾಗದದ ನಕಲು ತೆಗೆಯುವ ಆ ಪ್ರೆಸ್ಸಿನ ವಿಷಯ. ಜೇಮ್ಸ್ ವ್ಯಾಟ್ 1780ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದ್ದ. ಶನೂಟರ ಕಾಲಕ್ಕೆ ಅಮೆರಿಕದ ಆಫೀಸುಗಳಲ್ಲಿ ಇದು ಮಾಮೂಲಿ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆಗಳ ಒಂದು ದಪ್ಪ ಪುಸ್ತಕ. ಕಾಗದವನ್ನು ಸುಲಭವಾಗಿ ಬಿಡುವ ಒಂದು ಥರದ ಶಾಯಿಯಲ್ಲಿ ಬರೆಯಬೇಕು. ಪುಸ್ತಕದ ಒಂದು ಹಾಳೆಯನ್ನು ಒದ್ದೆ ಬಟ್ಟೆಯಿಂದ ತೇವ ಮಾಡಿ, ಕೆಳಗೆ ಕಾಗದ ಇಟ್ಟು, ಬೇರೆ ಹಾಳೆಗೆ ತೇವ ಹತ್ತದಂತೆ ಎಣ್ಣೆ ಕಾಗದ ಸೇರಿಸಿ, ಪುಸ್ತಕ ಮುಚ್ಚಿ ಪ್ರೆಸ್ಸಿನಲ್ಲಿಟ್ಟು ಹಿಡಿಕೆ ತಿರುಗಿಸಿ ಬಿಗಿಯುವುದು. ಒಂದೆರಡು ನಿಮಿಷ ಬಿಟ್ಟು ತೆಗೆದರೆ ಸ್ವಲ್ಪ ಶಾಯಿ ಆ ಹಾಳೆಗೆ ಇಳಿದಿರುತ್ತದೆ. ಅಕ್ಷರ ಉಲ್ಟಾ ಬಿದ್ದಿರುತ್ತದೆ ನಿಜ. ಆದರೆ ಹಾಳೆ ಅಷ್ಟು ತೆಳ್ಳಗಿರುವುದರಿಂದ ಆಚೆ ಬದಿಯಿಂದ ನೋಡಿದರೆ ನೆಟ್ಟಗೆ ಓದಬಹುದು. ಅಸಲು ಅಂಚೆಗೆ, ನಕಲು ಪುಸ್ತಕದಲ್ಲಿ. ಅಡಿಕೆ ಮಂಡಿಯ ಬಿಲ್ ಪುಸ್ತಕದಲ್ಲಿ ಕಾರ್ಬನ್ ಇಟ್ಟು ಬರೆದದ್ದು ನೋಡಿದ್ದೀರಲ್ಲ, ಅದರ ಹಳೇ ಅಣ್ಣ.

ಹೀಗೆ ಶನೂಟರ ಹತ್ತಿರ ಅವರೇ ಬರೆದದ್ದರ ನಕಲೂ ಇತ್ತು, ವಿಲ್ಬರ್ ಬರೆದ ಅಸಲೂ ಇತ್ತು. ಅತ್ತ ರೈಟ್ ಮನೆಯವರೂ ಬಂದ ಕಾಗದ ಬಿಸಾಡಿದವರಲ್ಲ. 1910ರಲ್ಲಿ ಶನೂಟರಿಗೂ ವಿಲ್ಬರನಿಗೂ ಜಗಳವಾಯಿತು. ವಿಮಾನ ವಾಲದ ಹಾಗೆ ರೆಕ್ಕೆ ತಿರುಚುವ ಉಪಾಯ ಮೊದಲು ಯಾರದ್ದು, ಯಾರಿಂದ ಯಾರಿಗೆ ಎಷ್ಟು ಉಪಕಾರವಾಯಿತು ಅಂತ ಮಾತು ಖಾರವಾಯಿತು. ಅದೇ ವರ್ಷ ನವೆಂಬರಿನಲ್ಲಿ ಶನೂಟ್ ತೀರಿಕೊಂಡರು. ಆ ಜಗಳದ ಕಾಗದವನ್ನೂ ಯಾರೂ ಹರಿಯಲಿಲ್ಲ. ನಮ್ಮಲ್ಲಾಗಿದ್ದರೆ ಬಚ್ಚಲ ಒಲೆಗೆ ಹೋಗುತ್ತಿತ್ತು.

ವಿಲ್ಬರನ ತಮ್ಮ ಆರ್ವಿಲ್ 1948ರಲ್ಲಿ ತೀರಿಕೊಂಡ ಮರುವರ್ಷ ರೈಟ್ ಕಾಗದಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಶನೂಟರವೂ ಅಲ್ಲೇ ಇವೆ. ರೈಟ್ ಕಾಗದಗಳನ್ನು ಈಗ ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಬಹುದು.

ನೋಡುವುದಾದರೆ 1903ರ ಡಿಸೆಂಬರ್ 17ರ ಟೆಲಿಗ್ರಾಂ ತಪ್ಪಿಸಬೇಡಿ. ಅವತ್ತು ನಾಲ್ಕು ಸಲ ಹಾರಿದರು. ಮೊದಲನೆಯದು 120 ಅಡಿ, ನಮ್ಮ ಕಡೆಯ ಒಂದು ದೊಡ್ಡ ಅಡಿಕೆ ಅಂಗಳದ ಉದ್ದ. ಕೊನೆಯದು 59 ಸೆಕೆಂಡು, 852 ಅಡಿ. ಅಪ್ಪನಿಗೆ ಹೋದ ಟೆಲಿಗ್ರಾಂನಲ್ಲಿ ಮಾತ್ರ 57 ಸೆಕೆಂಡು ಅಂತಿದೆ! ಕೆಳಗೆ ಆರ್ವಿಲ್ ಹೆಸರಿನ ಸ್ಪೆಲಿಂಗೂ ಎಡವಟ್ಟಾಗಿದೆ. ಟೆಲಿಗ್ರಾಫಿನವರ ಕೈ ದಾಟುವಾಗ ಆದ ತಪ್ಪು. ಕೊನೆಗೆ, ಪತ್ರಿಕೆಗೆ ತಿಳಿಸಿ, ಕ್ರಿಸ್‌ಮಸ್‌ಗೆ ಮನೆಗೆ ಬರುತ್ತೇವೆ ಅಂತ ಇದೆ. ಅದನ್ನು ಓದಿದಾಗ ನನಗೆ ವಿಮಾನಕ್ಕಿಂತ ಆ ಮನೆಯೇ ಕಣ್ಣಿಗೆ ಬಂತು.

ಎಲ್ಲವೂ ಹೀಗೆ ಒಂದೇ ಕಡೆ ಸಿಗುವುದಿಲ್ಲ. ತಂಗಿ ಕ್ಯಾಥರೀನ್ 1926ರಲ್ಲಿ ಮದುವೆಯಾದಾಗ ಆರ್ವಿಲ್ ಮುನಿಸಿಕೊಂಡು ಮಾತು ಬಿಟ್ಟ. ಮದುವೆಗೆ ಮುಂಚೆ ಅವಳು ಬರೆದ ಕಾಗದಗಳು ಉಳಿದದ್ದು ಗಂಡನ ಕಡೆಯಲ್ಲಿ, ನಮ್ಮ ತಂತಿಯ ಲೆಕ್ಕದಲ್ಲೇ. ಇನ್ನು ನಮ್ಮ ದೇಶದ ಅಲಹಾಬಾದಿನಲ್ಲಿ 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಅನ್ನುವ ಫ್ರೆಂಚ್ ಹುಡುಗ ಸುಮಾರು 6,500 ಕಾಗದ ಹೊತ್ತು ಯಮುನೆ ದಾಟಿ ನೈನಿಗೆ ಹಾರಿದ. ಆ ಕಾಗದಗಳು ವಿಳಾಸದಾರರ ಮನೆಗೆ ಚೆದುರಿ ಹೋದವು.

ಈಗ ನಿಮ್ಮ ತಂತಿ. ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲೂ ಕಟ್ಟಿಡಬೇಡಿ, ನಮ್ಮ ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಕೆಲಸವನ್ನು ಬೇಸಿಗೆಯಲ್ಲೇ ಮಾಡಿ, ಆದರೆ ಬಿಸಿಲಿಗೆ ಹರಡಬೇಡಿ, ಶಾಯಿ ಮಾಸುತ್ತದೆ. ತುಕ್ಕು ಹಿಡಿದ ತಂತಿಯಿಂದ ಎಳೆಯುವ ಬದಲು ತಂತಿಯನ್ನೇ ಕತ್ತರಿಸಿ. ಎರಡೂ ಬದಿಯ ಫೋಟೋ ತೆಗೆಯಿರಿ, ಅಂಚೆ ಮುದ್ರೆ ಸಮೇತ. ಎಲ್ಲಕ್ಕಿಂತ ಮೊದಲು, ಕ್ರಮ ತಪ್ಪದ ಹಾಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ನಂಬರ್ ಹಾಕಿ. ತಾರೀಕು ಇಲ್ಲದ ಕಾರ್ಡು ಎಷ್ಟೋ ಇರುತ್ತವೆ. ತಂತಿಯಲ್ಲಿ ಕೆಳಗಿದ್ದದ್ದು ಹಳೆಯದು, ಮೇಲಿದ್ದದ್ದು ಆಮೇಲಿನದು. ನಾನು ಅದು ಗೊತ್ತಾಗದೆ ಎಲ್ಲವನ್ನೂ ಒಂದೇ ಸಲಕ್ಕೆ ಚಾಪೆ ಮೇಲೆ ಸುರಿದುಬಿಟ್ಟಿದ್ದೆ.