ನಿಂಬೆಹಣ್ಣು ಹಿಂಡಿದ ಕಾಫಿ

ಹೋದ ವಾರ ಹಾಸನದಿಂದ ಊರಿಗೆ ಹೋಗಿದ್ದೆ, ಮೂಡಿಗೆರೆ ಹತ್ರ, ಬೆಳಗ್ಗೆ ಎದ್ದು ಅಡುಗೆಮನೆಗೆ ಬಂದ್ರೆ ಅಮ್ಮ ಬೆಲ್ಲದ ಕಾಫಿಗೆ ನಿಂಬೆಹಣ್ಣು ಹಿಂಡ್ತಾ ನಿಂತಿದಾಳೆ. ಏನಮ್ಮ ಇದು ಅಂದ್ರೆ "ಹೊಟ್ಟೆ ಕರಗುತ್ತಂತೆ ಕಣೋ, ಎಲ್ಲಾ ಗ್ರೂಪಲ್ಲೂ ಬಂದಿದೆ" ಅಂದ್ಲು. ನಲವತ್ತು ವರ್ಷ ತೋಟ ಸುತ್ತಿ, ಹಣ್ಣು ಕುಯ್ಸಿ, ಕಣದಲ್ಲಿ ಒಣಗಿಸಿ, ಮನೇಲೇ ಹುರಿದು ಪುಡಿ ಮಾಡಿದ ಹೆಂಗಸು! ಕಾಫಿ ಬಗ್ಗೆ ಅವಳಿಗೆ ಫೋನ್ ಪಾಠ ಹೇಳ್ತಿದೆ.

ನಕ್ಕೆ. ಆದ್ರೆ ಅದೇ ಮೆಸೇಜು ನನಗೂ ಮೂರು ಸಲ ಬಂದಿತ್ತು, ಮೊದಲನೇ ಸಲ ಥೂ ಅಂದಿದ್ದೆ, ಮೂರನೇ ಸಲಕ್ಕೆ ಇದ್ರೂ ಇರಬಹುದೇನೋ ಅನ್ಸಿತ್ತು, ಸುಳ್ಳು ಹೇಳಲ್ಲ.

ಇದಕ್ಕೆ ಹಳೇ ಪ್ರಯೋಗ ಒಂದಿದೆ, 1977ರದ್ದು, ವಾಟ್ಸಾಪ್ ಗೀಟ್ಸಾಪ್ ಏನೂ ಇಲ್ಲದ ಕಾಲ. ಅಮೆರಿಕದಲ್ಲಿ ಲಿನ್ ಹ್ಯಾಷರ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಜೊತೆಗಾರರು ಕಾಲೇಜು ಹುಡುಗರಿಗೆ ಎರಡೆರಡು ವಾರ ಬಿಟ್ಟು ಮೂರು ಸಲ 60 ವಾಕ್ಯ ಕೇಳಿಸಿ ಎಷ್ಟು ನಿಜ ಅನ್ಸುತ್ತೆ ನಂಬರ್ ಕೊಡಿ ಅಂದ್ರು, ಅದರಲ್ಲಿ 20 ಮಾತ್ರ ಪ್ರತಿ ಸಲ ರಿಪೀಟ್. ರಿಪೀಟ್ ಆದವಕ್ಕೆ ನಂಬರ್ ಏರ್ತಾ ಹೋಯ್ತು, ಸುಳ್ಳಾದ್ರೂ ಅಷ್ಟೇ ನಿಜವಾದ್ರೂ ಅಷ್ಟೇ. ಒಮ್ಮೆ ಕೇಳಿದ್ದನ್ನ ಮತ್ತೆ ಕೇಳಿದಾಗ ಮೆದುಳಿಗೆ ಅದು ಸಲೀಸಾಗಿ ಒಳಗಿಳಿಯುತ್ತೆ, ಆ ಸಲೀಸನ್ನೇ ಅದು ನಿಜ ಅಂತ ತಪ್ಪು ತಿಳ್ಕೊಳ್ಳುತ್ತೆ.

ಗೊತ್ತಿಲ್ಲದವರು ಬೀಳ್ತಾರೆ ಬಿಡಿ ಅನ್ನೋ ಹಾಗಿಲ್ಲ. 2015ರಲ್ಲಿ ಲಿಸಾ ಫಾಜಿಯೊ ಅನ್ನೋರ ತಂಡ ಬೇಕಂತಲೇ ಗೊತ್ತಿರೋ ವಿಷಯದ ಮೇಲೇ ಟೆಸ್ಟ್ ಮಾಡ್ತು. ಅವರ ಒಂದು ವಾಕ್ಯ ನೋಡಿ, ಸೀರೆ ಅಂದ್ರೆ ಸ್ಕಾಟ್ಲೆಂಡಿನವರು ಹಾಕೋ ಗಿಡ್ಡ ನೆರಿಗೆ ಲಂಗ! ಅದರ ಹೆಸರು ಕಿಲ್ಟ್ ಅಂತ ಸರಿಯಾಗಿ ಗೊತ್ತಿದ್ದವರಿಗೂ ಇಂಥ ವಾಕ್ಯ ಎರಡನೇ ಸಲ ಓದಿದಾಗ ಸ್ವಲ್ಪ ಜಾಸ್ತಿ ನಿಜ ಅನ್ಸಿತ್ತು. ನಮ್ಮ ಹಾಸನದವನಿಗೆ ಗೊರೂರು ಡ್ಯಾಮ್ ಕಟ್ಟಿರೋದು ತುಂಗೆಗೆ ಅಂತ ಹತ್ತು ಸಲ ಹೇಳಿದ್ರೆ ಹೇಮಾವತಿ ಮರೆತುಹೋಗಲ್ಲ, ಆದ್ರೂ ಒಳಗೆಲ್ಲೋ ಒಂಚೂರು ಸಡಿಲ ಆಗುತ್ತೆ, ಅಷ್ಟೇ.

ಹಾಗಾಗಿ "ಸುಮ್ನೆ ನೋಡ್ತಿದೀನಿ, ನಂಬಲ್ಲ" ಅನ್ನೋ ಮಾತು ನಂಗೀಗ ಅಷ್ಟು ಗಟ್ಟಿ ಅನ್ಸಲ್ಲ. ನಂಬೋದು ಬಿಡೋದು ಆಮೇಲಿನ ಮಾತು, ನೋಡಿದಾಗಲೇ ಅರ್ಧ ಕೆಲಸ ಆಗಿಹೋಗಿರುತ್ತೆ. ಮೇಲಿಂದ ರೀಲ್ಸು, ಎಷ್ಟು ಹೊತ್ತು ನೋಡಿದೆ ಅನ್ನೋದನ್ನ ಲೆಕ್ಕ ಇಡುತ್ತೆ, ನಗೋಕೆ ನೋಡಿದ್ಯೋ ನಂಬಿ ನೋಡಿದ್ಯೋ ಅದಕ್ಕೇನು ಗೊತ್ತು, ನಿಂಬೆಹಣ್ಣಿನ ವಿಡಿಯೋ ಪೂರ್ತಿ ನೋಡಿ ನಕ್ಕೆ ಅಂದ್ರೆ ಇನ್ನೂ ನಾಕು ಅಂಥವೇ ಬರುತ್ತೆ, ಅಂದ್ರೆ ರಿಪೀಟ್ ಮಾಡಿಸ್ಕೊಳ್ತಿರೋದೇ ನಾನು.

ಒಂದು ಉಪಾಯ ಇದೆ, 2020ರಲ್ಲಿ ಬಂದ ಪ್ರಯೋಗದಲ್ಲಿ ಮೊದಲ ಸಲ ಓದುವಾಗಲೇ ಇದು ನಿಜಾನಾ ಅಂತ ಯೋಚಿಸಿದವರ ಮೇಲೆ ಆಮೇಲಿನ ರಿಪೀಟ್ ಆಟ ನಡೀಲಿಲ್ಲ. ಆದ್ರೆ ಸರಿ ಉತ್ತರ ಮೊದಲೇ ಗೊತ್ತಿದ್ರೆ ಮಾತ್ರ. ಶೇರು, ಔಷಧಿ, ಯಾವುದೋ ದೇಶದ ಯುದ್ಧ, ಇವೆಲ್ಲ ನಂಗೆಲ್ಲಿ ಗೊತ್ತು? ಅಂಥವು ಎಲ್ಲೆಲ್ಲಿಂದಲೋ ಬರೋ ಜಾಗಗಳಿಗೆ ಹೋಗೋದೇ ಕಮ್ಮಿ ಮಾಡಿದೀನಿ.

ಬರುವಾಗ ಅಮ್ಮನ ಫೋನಲ್ಲಿ ನಾಕು ಗ್ರೂಪ್ ಮ್ಯೂಟ್ ಮಾಡಿ ಬಂದೆ, ಸೀರೆ ಕಥೆನೂ ಹೇಳಿದೆ, ಹ್ಞೂಂ ಹ್ಞೂಂ ಅಂದ್ಲು. ನಿನ್ನೆ ಫೋನ್ ಮಾಡಿದ್ಲು, ನಿಂಬೆಹಣ್ಣು ಬಿಟ್ಟಿದಾಳಂತೆ. ಎದೆ ಉರಿ ಬಂತಂತೆ.