ನಾಚಿಕೆಗೆ ಕೆಟ್ಟ ಹೆಸರು ಬಂದದ್ದು ಯಾವಾಗ?

ತಪ್ಪು ಮಾಡಿ ನರಳುವವರಿಗೆ ಆಪ್ತಸಮಾಲೋಚಕರು ಇಂದು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಪಾಪಪ್ರಜ್ಞೆ ಇರಲಿ, ನಾಚಿಕೆ ಬೇಡ. ‘ಮಾಡಬಾರದ್ದು ಮಾಡಿದೆ’ ಎಂಬ ಕೊರಗಿದ್ದವನು ಕ್ಷಮೆ ಕೇಳುತ್ತಾನೆ, ಆದ ನಷ್ಟ ತುಂಬಿಕೊಡಲು ನೋಡುತ್ತಾನೆ. ‘ನಾನೇ ಕೆಟ್ಟವನು’ ಎಂದುಕೊಂಡವನು ಮುಖ ಮರೆಸಿಕೊಳ್ಳುತ್ತಾನೆ. ಈ ವಿಂಗಡಣೆ ತಲೆತಲಾಂತರದ ವಿವೇಕದಂತೆ ಕೇಳಿಸುತ್ತದೆ. ಆದರೆ ಇದನ್ನು ಇಷ್ಟು ಸ್ಪಷ್ಟವಾಗಿ ಮಂಡಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್, ಅದೂ 1971ರಲ್ಲಿ.

ಹಿಂದಿನವರ ಲೆಕ್ಕವೇ ಬೇರೆ. ನಾಚಿಕೆ ಎಳೆಯರಿಗೆ ಒಪ್ಪುತ್ತದೆ, ದೊಡ್ಡವರಿಗಲ್ಲ ಎಂದ ಅರಿಸ್ಟಾಟಲ್. ನಾಚುವಂಥ ಕೆಲಸವನ್ನೇ ದೊಡ್ಡವರು ಮಾಡಬಾರದಲ್ಲ! ಅದೇ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಚೀನಾದ ದಾರ್ಶನಿಕ ಮೆನ್ಸಿಯಸ್, ನ್ಯಾಯಬುದ್ಧಿ ಮೊಳೆಯುವುದೇ ನಾಚಿಕೆಯಿಂದ ಎಂದ. ಬುದ್ಧನ ಉಪದೇಶಗಳಿರುವ ಪಾಲಿ ಸುತ್ತಗಳು ‘ಹಿರಿ’ ಮತ್ತು ‘ಒತ್ತಪ್ಪ’ಗಳನ್ನು, ಅಂದರೆ ಪಾಪಕ್ಕೆ ನಾಚುವುದನ್ನೂ ಅಂಜುವುದನ್ನೂ, ಲೋಕ ಕಾಯುವ ಎರಡು ಧರ್ಮಗಳೆಂದವು.

ಇನ್ನು ಪಾಪಪ್ರಜ್ಞೆಯ ಒಡನಾಡಿಯಾದ ಪಶ್ಚಾತ್ತಾಪಕ್ಕೆ ದೊಡ್ಡ ಪೆಟ್ಟು ಕೊಟ್ಟವನು ಡಚ್ ತತ್ತ್ವಶಾಸ್ತ್ರಜ್ಞ ಸ್ಪಿನೋಜಾ. ಅವನು ತೀರಿಕೊಂಡ ಮೇಲೆ, 1677ರಲ್ಲಿ, ಅಚ್ಚಾದ ಕೃತಿಯಲ್ಲಿ ಪಶ್ಚಾತ್ತಾಪ ಸದ್ಗುಣವೇ ಅಲ್ಲ ಎಂಬ ವಾದವಿದೆ: ಮೊದಲು ಕೆಟ್ಟ ಬಯಕೆಗೆ ಸೋತವನು ಆಮೇಲೆ ದುಃಖಕ್ಕೂ ಸೋಲುತ್ತಾನೆ, ಅವನದು ಇಮ್ಮಡಿ ದೌರ್ಬಲ್ಯ. ಅಲ್ಲಿಗೇ ನಿಂತಿದ್ದರೆ ಗಟ್ಟಿಗನೆನ್ನಬಹುದಿತ್ತು. ಆದರೆ ಬೆನ್ನಿಗೇ ಒಂದು ರಿಯಾಯಿತಿ ಸೇರಿಸುತ್ತಾನೆ: ಅಂಜಿಕೆಯಿಲ್ಲದ ಜನಸಮೂಹ ಭಯಂಕರ, ಹಾಗಾಗಿ ಪ್ರವಾದಿಗಳು ಪಶ್ಚಾತ್ತಾಪವನ್ನು ಹೊಗಳಿದ್ದರಲ್ಲಿ ಅಚ್ಚರಿಯಿಲ್ಲ. ವಿವೇಕಿಗೆ ಬೇಡ, ಉಳಿದವರಿಗೆ ಇರಲಿ ಎಂಬ ಈ ಧೋರಣೆ ನನಗಂತೂ ಹಿಡಿಸುವುದಿಲ್ಲ.

ಹೊರಗೆ ಹರಿಯಲಾಗದ ಕ್ರೌರ್ಯ ಒಳಕ್ಕೆ ತಿರುಗಿದ್ದೇ ಪಾಪಪ್ರಜ್ಞೆ ಎಂದು 1887ರಲ್ಲಿ ಜರ್ಮನ್ ತತ್ತ್ವಶಾಸ್ತ್ರಜ್ಞ ನೀಚೆ ಬರೆದ. ನಾಗರಿಕತೆಗೆ ನಾವು ತೆರುವ ಬೆಲೆ ಅದು ಎಂದು 1930ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿದ.

1946ರಲ್ಲಿ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್, ಜಪಾನಿಗೆ ಕಾಲಿಡದೆಯೇ, ಅದನ್ನು ‘ನಾಚಿಕೆಯ ಸಂಸ್ಕೃತಿ’ಗಳ ಸಾಲಿಗೆ ಸೇರಿಸಿದರು. ಅಲ್ಲಿ ಜನರನ್ನು ತಡೆಯುವುದು ನಾಲ್ವರು ಏನೆಂದಾರು ಎಂಬ ಅಂಜಿಕೆ, ಪಾಪಪ್ರಜ್ಞೆಯ ಸಂಸ್ಕೃತಿಯಲ್ಲಾದರೋ ಒಳಗಿನ ಮನಸ್ಸಾಕ್ಷಿ ಎಂಬುದು ಅವರ ವಾದ. ನಾಚಿಕೆಗೆ ಕೆಳದರ್ಜೆಯ ಹಣೆಪಟ್ಟಿ ಅಂಟಿದ್ದರಲ್ಲಿ ಈ ವರ್ಗೀಕರಣದ ಪಾಲು ದೊಡ್ಡದು. ಇದಕ್ಕೆ ಸರಿಯಾದ ಉತ್ತರ ಬಂದದ್ದು 1993ರಲ್ಲಿ, ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ ಅವರಿಂದ. ನಾಚಿದವನನ್ನು ನೋಡುವ ಕಣ್ಣು ಬೀದಿಯದ್ದೇ ಆಗಬೇಕಿಲ್ಲ. ತಾನು ಗೌರವಿಸುವ ವ್ಯಕ್ತಿಯೊಬ್ಬ ಮನಸ್ಸಿನೊಳಗೇ ಕೂತು ನೋಡುತ್ತಿರಬಹುದು. ಹಾಗಾದರೆ ಅದೂ ಮನಸ್ಸಾಕ್ಷಿಯೇ ತಾನೆ?

ಅಷ್ಟರಲ್ಲಿ, 1989ರಲ್ಲೇ, ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೇತ್‌ವೇಟ್ ಪ್ರಶ್ನೆಯನ್ನು ಬೇರೆ ಕಡೆಗೆ ತಿರುಗಿಸಿದ್ದರು: ನಾಚಿಸಿದ ಮೇಲೆ ಸಮಾಜ ಆ ಮನುಷ್ಯನನ್ನು ಮತ್ತೆ ಒಳಗೆ ಕರೆದುಕೊಳ್ಳುತ್ತದೋ, ಕಳಂಕ ಹಚ್ಚಿ ಹೊರಗಟ್ಟುತ್ತದೋ? 2014ರಲ್ಲಿ ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಅಮೆರಿಕದ ನೂರಾರು ಕೈದಿಗಳನ್ನು ಬಿಡುಗಡೆಯ ನಂತರವೂ ಗಮನಿಸಿ ವರದಿ ಮಾಡಿದರು. ಪಾಪಪ್ರಜ್ಞೆ ಹೆಚ್ಚಿದ್ದವರು ಮತ್ತೆ ಅಪರಾಧಕ್ಕಿಳಿದದ್ದು ಕಡಿಮೆ. ನಾಚಿಕೆ ತಾಳಲಾರದೆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಸ್ವಭಾವದವರು ಮತ್ತೆ ಎಡವುವ ಸಾಧ್ಯತೆ ಹೆಚ್ಚು. ಹಾಗೆ ಕಟ್ಟದವರಲ್ಲಿ ಅದೇ ನಾಚಿಕೆ ಅಪರಾಧಕ್ಕೆ ತಡೆಯಾಗಿತ್ತು.